ಅಪ್ಪ ಎಣ್ಣೆ ಹಚ್ಚಿದ ಬ್ರೇಕು

ನನ್ನ ಜೀಪನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ‘ಫೋರ್ ವೀಲಾ?’ ಕಾರವಾರದ ನಮ್ಮ ಕಚೇರಿಯ ಗಂಡಸರಿಗೆ ಅದನ್ನು ಕೇಳುವುದರಲ್ಲಿ ಏನೋ ಸುಖ. ಹೆಂಗಸೊಬ್ಬಳು ಅಂಥ ಗಾಡಿ ಓಡಿಸುತ್ತಾಳೆಂದರೆ ಅವರಿಗೆ ಮೊದಲು ನಂಬಿಕೆ ಬರುವುದಿಲ್ಲ. ಬಂದ ಮೇಲೆ ಬುದ್ಧಿ ಹೇಳಲು ಶುರುಮಾಡುತ್ತಾರೆ. ಕೆಸರಿನಲ್ಲಿ ಯಾವ ಗೇರು, ಏರಿನಲ್ಲಿ ಯಾವ ಗೇರು, ನಾಲ್ಕೂ ಚಕ್ರ ಯಾವಾಗ ಎಳೆಯಬೇಕು ಎಂದು ಜೀಪಿನ ಸೀಟಿನಲ್ಲಿ ಒಮ್ಮೆಯೂ ಕೂರದವರೂ ಹೇಳಿಕೊಟ್ಟಿದ್ದಾರೆ. ಬ್ರೇಕಿನ ಬಗ್ಗೆ ಮಾತ್ರ ಈವರೆಗೆ ಒಬ್ಬನೂ ಕೇಳಿದ್ದಿಲ್ಲ. ಏರು ಹತ್ತುವಾಗ ನಾಲ್ಕು ಚಕ್ರಗಳೂ ನಮ್ಮ ಪರ ಇರುತ್ತವೆ, ನಿಜ. ಇಳಿಯುವಾಗ ಅಷ್ಟೂ ಭಾರ ನಮ್ಮ ಬೆನ್ನ ಮೇಲೆ ಬರುತ್ತದೆ. ಆಗ ಜೀವ ಉಳಿಸುವುದು ಮುಂದಿನ ಎರಡು ಚಕ್ರಗಳ ಒಳಗಿರುವ ಎರಡು ಕಬ್ಬಿಣದ ತಟ್ಟೆಗಳು.

ಆ ತಟ್ಟೆಗೆ ಡಿಸ್ಕು ಎನ್ನುತ್ತಾರೆ. ಚಕ್ರದ ಜೊತೆಗೇ ತಿರುಗುತ್ತದೆ. ಅದರ ಎರಡು ಮಗ್ಗುಲಿಗೂ ಪ್ಯಾಡು ಎಂಬ ಗಟ್ಟಿ ಬಿಲ್ಲೆಗಳಿರುತ್ತವೆ. ನಾವು ಪೆಡಲು ಒತ್ತಿದರೆ ಪೈಪಿನೊಳಗಿನ ಬ್ರೇಕ್ ಆಯಿಲ್ ನಮ್ಮ ಕಾಲಿನ ಒತ್ತನ್ನು ಅಲ್ಲಿಗೆ ಮುಟ್ಟಿಸುತ್ತದೆ, ಬಿಲ್ಲೆಗಳು ಎರಡೂ ಕಡೆಯಿಂದ ತಟ್ಟೆಯನ್ನು ಅದುಮಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಇದರಲ್ಲಿ ಗಂಡಸರಿಗೇ ಅರ್ಥವಾಗುವಂಥದ್ದು ಏನೂ ಇಲ್ಲ. ಆದರೆ ನಮ್ಮ ಸಮುದ್ರದ ಕಡೆಯ ಗಾಳಿಗೆ ಆ ತಟ್ಟೆ ಒಂದು ರಾತ್ರಿ ಸುಮ್ಮನೆ ನಿಂತರೂ ಸಾಕು, ಬೆಳಿಗ್ಗೆ ಅದರ ಮೇಲೆ ಕೇಸರಿ ಬಣ್ಣದ ತುಕ್ಕು ಕೂತಿರುತ್ತದೆ. ಹೆದರುವಂಥದ್ದಲ್ಲ. ಗಾಡಿ ಹೊರಟು ಒಂದೆರಡು ಸಲ ಬ್ರೇಕು ಒತ್ತಿದರೆ ಸರ್ ಎಂದು ಸದ್ದಾಗಿ ಬಿಲ್ಲೆಗಳೇ ಅದನ್ನು ಒರೆಸಿ ಹಾಕುತ್ತವೆ. ಇದು ನನಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

ನಮ್ಮ ಮನೆ ಹಿಲ್ಲೂರಿನ ಕಡೆ, ಡಾಂಬರು ರಸ್ತೆ ಬಿಟ್ಟು ಮೇಲಕ್ಕೆ ಹತ್ತಬೇಕು. ಕೆಂಪು ಮಣ್ಣಿನ ದಾರಿ, ಒಂದು ಕಡೆ ಕಡಿದ ದರೆ, ಇನ್ನೊಂದು ಕಡೆ ಹಳ್ಳ. ಮಳೆಗಾಲದಲ್ಲಿ ರಿಕ್ಷಾದವರು ಕೆಳಗೇ ನಿಲ್ಲಿಸಿ ‘ಇಲ್ಲೇ ಇಳೀರಿ’ ಎನ್ನುತ್ತಾರೆ. ಯಾರೋ ಓಡಿಸಿ ಬಿಟ್ಟ ಹಳೆಯ ಜೀಪನ್ನು ನಾನು ಕೊಂಡದ್ದು ಅದಕ್ಕೇ. ವಾರವಿಡೀ ನಾನು ಶಿರವಾಡದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಕಾರವಾರದ ಕಚೇರಿಗೆ ಹೋಗುತ್ತೇನೆ. ಶನಿವಾರ ಸಂಜೆ ಮನೆಗೆ ಬರುತ್ತೇನೆ, ಸೋಮವಾರ ಬೆಳಿಗ್ಗೆ ಇಳಿಯುತ್ತೇನೆ. ಇಳಿಯುವಾಗ ಆಯಿ, ಅಂದರೆ ನನ್ನ ಅಮ್ಮ, ಪಕ್ಕದಲ್ಲಿರುತ್ತಾಳೆ, ಹಿಂದೆ ಅವಳ ಬುಟ್ಟಿಗಳಿರುತ್ತವೆ. ನಮ್ಮ ಹಿತ್ತಲಿನ ಬಸಳೆ, ಹರಿವೆ, ಮೊಗೆಕಾಯಿ, ಅಬ್ಬಲಿಗೆ ಹೂವು, ಏನಿದೆಯೋ ಅದನ್ನು ಅವಳು ಅಂಕೋಲೆಯ ಪೇಟೆಯಲ್ಲಿ ಕೂತು ಮಾರುತ್ತಾಳೆ. ನಾನು ಸಂಬಳ ತರುತ್ತೇನೆ, ಇನ್ನು ಪೇಟೆಯಲ್ಲಿ ಕೂರುವುದೇಕೆ ಎಂದು ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ಅವಳು ಎರಡು ವಾರ ನನ್ನ ಜೀಪು ಹತ್ತದೆ ಬಸ್ಸಿಗೆ ಹೋಗಿದ್ದಳು. ಸಿಟ್ಟಿನಲ್ಲಿ ನಾನು ಅವಳ ಮಗಳೇ.

ಅಪ್ಪನದು ಬೇರೆ ಜಾತಿಯ ಸ್ವಭಾವ. ಗದ್ದೆ, ಹಿತ್ತಲು, ನಾಲ್ಕು ತೆಂಗು, ಮತ್ತು ಕಬ್ಬಿಣ. ಈ ಉಪ್ಪುಗಾಳಿಯ ಸೀಮೆಯಲ್ಲಿ ಕಬ್ಬಿಣವನ್ನು ಉಳಿಸಿಕೊಳ್ಳುವುದು ಒಂದು ವ್ರತವೇ ಸರಿ, ಮತ್ತು ಆ ವ್ರತವನ್ನು ಅಪ್ಪನಷ್ಟು ನಿಷ್ಠೆಯಿಂದ ಮಾಡಿದವರನ್ನು ನಾನು ಕಂಡಿಲ್ಲ. ಹಳೆಯ ಪಂಚೆಯ ತುಂಡೊಂದು ತೆಂಗಿನೆಣ್ಣೆಯಲ್ಲಿ ನೆನೆದು ಕರಟದಲ್ಲಿ ಕೂತಿರುತ್ತದೆ. ಅದಕ್ಕೆ ನಮ್ಮಲ್ಲಿ ಎಣ್ಣೆಯರಿವೆ ಎಂದು ಹೆಸರು. ಕತ್ತಿ, ಹಾರೆ, ಗುದ್ದಲಿ, ಬಾಗಿಲ ತಿರುಗಣಿ, ಬೀಗ, ಆಯಿಯ ತಕ್ಕಡಿಯ ಸರಪಳಿ, ಎಲ್ಲಕ್ಕೂ ವಾರಕ್ಕೊಮ್ಮೆ ಅದರ ಉಪಚಾರ. ನಮ್ಮ ಮನೆಯ ಕತ್ತಿಗಳನ್ನು ಅಕ್ಕಪಕ್ಕದವರು ಎರವಲು ಕೇಳಿ ಒಯ್ಯುತ್ತಾರೆ. ತುಕ್ಕು ಬರಿಸಿ ವಾಪಸು ಕೊಟ್ಟವರ ಜೊತೆ ಅಪ್ಪ ಒಂದು ಹಬ್ಬದ ತನಕ ಮಾತು ಬಿಡುತ್ತಾನೆ.

ಆ ಮಳೆಗಾಲ ಶುರುವಾಗುವ ಹೊತ್ತಿಗೆ ನನ್ನ ಜೀಪಿನ ಮುಂದಿನ ಡಿಸ್ಕುಗಳು ಸವೆದು ಅಂಚಿನಲ್ಲಿ ದಂಡೆ ಕಟ್ಟಿದ್ದವು. ಶಿರವಾಡದಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನವನು ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿ, ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸತು ತುಂಬಿಸಿದ. ಅವನು ಕೊಂಕಣಿ ಮನೆಮಾತಿನವನು, ನನಗಿಂತ ಸ್ವಲ್ಪ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಾನೆ. ‘ಪ್ಯಾಡು ಹೊಸ್ದಲ್ಲಾ ಅಕ್ಕಾ, ಕಚ್ಚೂಕೆ ಸ್ವಲ್ಪ ದಿನ ಬೇಕು. ಮೆತ್ತಗೆ ಓಡ್ಸು’ ಎಂದಿದ್ದ. ಶನಿವಾರ ಮನೆಗೆ ಬಂದವಳು ಊಟಕ್ಕೆ ಕೂತಾಗ ಅಪ್ಪನ ಹತ್ತಿರ ದೊಡ್ಡಸ್ತಿಕೆ ಕೊಚ್ಚಿದೆ: ಹೊಸ ಡಿಸ್ಕು ಹಾಕಿಸಿದೆ, ಬ್ರೇಕಿಗೂ ಆಯಿಲ್ ಬೇಕಲ್ಲ, ಅದನ್ನೂ ಹೊಸತು ಹಾಕಿಸಿದೆ.

ಆ ರಾತ್ರಿ ಜಡಿಮಳೆ. ಭಾನುವಾರ ಬೆಳಿಗ್ಗೆ ಅಪ್ಪ ಜೀಪಿನ ಚಕ್ರದ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದ. ಮಗಳಾದ ನನ್ನನ್ನು ಅವನು ತಂಗಿ ಎಂದೇ ಕರೆಯುವುದು.

‘ಹೊಸ್ದು ಅಂದ್ಯಲೆ ತಂಗೀ. ನೋಡು, ಒಂದು ಮಳೆಗೇ ತುಕ್ಕು ಹಿಡೀತು.’

‘ಅದು ಹಂಗೇ ಅಪ್ಪ. ಗಾಡಿ ಓಡಿರೆ ಹೋತದೆ.’

‘ಹೋತದೆ ಹೇಳಿ ಬಿಟ್ರೆ ಕಬ್ಬಿಣ ಉಳೀತದ್ಯೇ?’

ನಾನು ನಕ್ಕು ಒಳಗೆ ಹೋದೆ. ಸಂಜೆ ನಾನು ಅಂಕೋಲೆಯಿಂದ ಬಂದ ಗೆಳತಿಯೊಬ್ಬಳನ್ನು ಕೆಳಗಿನ ರಸ್ತೆಯ ತನಕ ಬಿಟ್ಟು ಬರಲು ನಡೆದು ಹೋಗಿದ್ದೆ. ಆ ಹೊತ್ತಿನಲ್ಲಿ ಅಪ್ಪ ಗೋಣಿ ಹಾಸಿ ಜೀಪಿನ ಅಡಿಗೆ ಮಲಗಿ, ಎಣ್ಣೆಯರಿವೆಯನ್ನು ಕೋಲಿಗೆ ಸುತ್ತಿ, ಎರಡೂ ಹೊಸ ಡಿಸ್ಕುಗಳಿಗೆ ಒಳಗೂ ಹೊರಗೂ ತೆಂಗಿನೆಣ್ಣೆ ಹಚ್ಚಿದ್ದ. ಅರ್ಧ ಕೆಲಸ ಮಾಡುವುದು ಅವನಿಗೆ ಗೊತ್ತೇ ಇಲ್ಲ. ಕಬ್ಬಿಣ ಹೊಳೆಯುವ ತನಕ ಹಚ್ಚಿರಬೇಕು. ನನಗದು ಆಗ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ತಿರುಗಿಸುವಾಗಲೇ ಬ್ರೇಕು ಹಿಡಿದದ್ದು ಕಡಿಮೆ ಅನ್ನಿಸಿತು. ಹೊಸ ಪ್ಯಾಡು, ಕಚ್ಚಲು ದಿನ ಬೇಕು ಎಂದ ಮಾತು ತಲೆಯಲ್ಲಿತ್ತು. ಸಣ್ಣ ಗೇರಿನಲ್ಲೇ ಇಳಿಸಿದೆ. ಮೊದಲ ತಿರುವಿಗೆ ಮುಂಚೆ ಒತ್ತಿದರೆ ಪೆಡಲು ಕಲ್ಲಿನ ಹಾಗೆ ಗಟ್ಟಿ, ಆದರೆ ಗಾಡಿ ಮಾತು ಕೇಳುತ್ತಿಲ್ಲ. ಹಿಂದಿನ ಚಕ್ರಗಳು ಮಾತ್ರ ಹಿಡಿದು ಕೆಸರಿನಲ್ಲಿ ಜಾರತೊಡಗಿದವು. ಹ್ಯಾಂಡ್ ಬ್ರೇಕು ಎಳೆದೆ. ಜೀಪಿನ ಹಿಂಭಾಗ ಹಳ್ಳದ ಕಡೆಗೆ ತಿರುಗಿತು. ಹಳ್ಳವೋ ದರೆಯೋ ಎಂದು ಯೋಚಿಸುವಷ್ಟು ಹೊತ್ತೂ ಇರಲಿಲ್ಲ. ಕೈ ತಾನಾಗಿ ದರೆಯ ಕಡೆ ಎಳೆಯಿತು. ಧಡ್ ಎಂದು ಮೂತಿ ಮಣ್ಣಿಗೆ ಹೊಕ್ಕಿತು. ಆಯಿ ಎರಡೂ ಕೈ ಮುಂದೆ ಚಾಚಿದ್ದಳು. ಮೊಗೆಕಾಯಿಗಳು ಹಾರಿ ನಮ್ಮ ಕಾಲ ಬುಡಕ್ಕೆ ಬಂದು ಬಿದ್ದವು.

ಆಯಿ ಕೂಗಲಿಲ್ಲ. ‘ನನ್ನ ಕೈ ಎಂತದೋ ಆಯ್ತೇ’ ಎಂದಳು, ಅಷ್ಟೇ. ಬಲಗೈಯ ಮಣಿಕಟ್ಟು ಇರಬಾರದ ಕಡೆ ಬಾಗಿತ್ತು. ಮೇಲಿನಿಂದ ಅಪ್ಪ ಓಡಿ ಬಂದ. ಬರಿಗಾಲು, ಸೊಂಟದಲ್ಲಿ ಅರ್ಧ ಬಿಚ್ಚಿದ ಪಂಚೆ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗಿನ ಮನೆಯವರ ರಿಕ್ಷಾದಲ್ಲಿ ಅಂಕೋಲೆ, ಅಲ್ಲಿಂದ ಕಾರವಾರದ ಆಸ್ಪತ್ರೆ. ಪ್ಲಾಸ್ಟರು ಹಾಕಿದರು. ದಾರಿಯುದ್ದಕ್ಕೂ ಅಪ್ಪ ಆಯಿಯ ಕೈಯನ್ನು ತನ್ನ ತೊಡೆಯ ಮೇಲೆ ಒಂದು ದಿಂಬಿನಲ್ಲಿ ಇಟ್ಟುಕೊಂಡು ಕೂತಿದ್ದ. ನಡುವೆ ನನ್ನ ಮುಖ ನೋಡಿ, ‘ಆ ಗ್ಯಾರೇಜಿನವ ಎಂತ ಮಾಡಿಟ್ಟ ನಿನ್ನ ಗಾಡಿಗೆ?’ ಎಂದ. ನನಗೂ ಅದೇ ಪ್ರಶ್ನೆ ಇತ್ತು.

ನಾನು ಫೋನು ಮಾಡಿದ ಮರುದಿನವೇ ಗ್ಯಾರೇಜಿನವನು ಶಿರವಾಡದಿಂದ ಹಿಲ್ಲೂರಿಗೆ ಸಾಮಾನು ಕಟ್ಟಿಕೊಂಡು ಬೈಕಿನಲ್ಲಿ ಬಂದ. ಅವನ ಮುಖ ಕಪ್ಪಿಟ್ಟಿತ್ತು. ಜ್ಯಾಕು ಕೊಟ್ಟು ಚಕ್ರ ಬಿಚ್ಚಿದ, ಪ್ಯಾಡು ಹೊರಗೆ ಎಳೆದ. ಬೂದು ಬಣ್ಣಕ್ಕಿರಬೇಕಾದ ಬಿಲ್ಲೆ ಕಪ್ಪಾಗಿ ಒದ್ದೆಯಾಗಿ ಹೊಳೆಯುತ್ತಿತ್ತು. ಬೆರಳಲ್ಲಿ ಒರೆಸಿ ಮೂಸಿದ. ಮತ್ತೊಮ್ಮೆ ಮೂಸಿದ.

‘ಬ್ರೇಕ್ ಆಯಿಲ್ ಲೀಕ್ ಆದದ್ದಲ್ಲ ಅಕ್ಕಾ. ಇದು ನಾರ್ಲೇಲ್, ತೆಂಗಿನೆಣ್ಣೆ. ತಲೆಗೆ ಹಚ್ಚೂದು.’

ನಾನೂ ಮೂಸಿದೆ. ನಮ್ಮ ಮನೆಯ ವಾಸನೆ. ಶಾಲೆಗೆ ಹೋಗುವಾಗ ಆಯಿ ನನ್ನ ಜಡೆಗೆ ತಿಕ್ಕಿ ಕಳಿಸುತ್ತಿದ್ದ ಎಣ್ಣೆಯ ವಾಸನೆ, ಅಪ್ಪನ ಅಂಗೈಯ ವಾಸನೆ. ಅಲ್ಲೇ ಕಲ್ಲಿನ ಮೇಲೆ ಕೂತೆ. ಬಿಲ್ಲೆ ತಟ್ಟೆಯನ್ನು ಹಿಡಿಯಬೇಕಾದರೆ ಎರಡೂ ಒಣಗಿರಬೇಕು. ನೀರಾದರೆ ಎರಡು ಒತ್ತಿಗೆ ಆರಿಹೋಗುತ್ತದೆ; ಎಣ್ಣೆಯನ್ನು ಬಿಲ್ಲೆ ಕುಡಿದುಬಿಡುತ್ತದೆ, ಮತ್ತೆ ಬಿಡುವುದಿಲ್ಲ. ಹಾಗಾದ ಪ್ಯಾಡನ್ನು ಎಸೆಯುವುದೇ ದಾರಿ.

ಅಷ್ಟರಲ್ಲಿ ಅಪ್ಪ ಮೇಲಿನಿಂದ ಇಳಿದು ಬರುತ್ತಿದ್ದ. ಕೈಯಲ್ಲಿ ಗ್ಯಾರೇಜಿನವನಿಗೆಂದು ಚಾ ತುಂಬಿದ ಚೊಂಬು. ಸಿಟ್ಟಿದ್ದರೂ ಮನೆಗೆ ಬಂದವನಿಗೆ ಚಾ ಕೊಡದೆ ಇರುವವನಲ್ಲ.

‘ಎಂತ ಸಿಕ್ತು?’

ಗ್ಯಾರೇಜಿನವನು ನನ್ನ ಮುಖ ನೋಡಿದ. ನಾನು ಏನು ಯೋಚಿಸಿದೆನೋ ನನಗೇ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: ‘ಪೈಪಲ್ಲಿ ಗಾಳಿ ಸೇರ್ಕಂಡಿತ್ತಂತೆ ಅಪ್ಪ.’

ಗಾಳಿ ಸೇರಿದ್ದರೆ ಪೆಡಲು ಮೆತ್ತಗಾಗಿ ಕೆಳಗೆ ಹೋಗಬೇಕಿತ್ತು. ಅದು ಗಟ್ಟಿಯಾಗೇ ಇತ್ತು. ಅಪ್ಪನಿಗೆ ಅದೆಲ್ಲ ತಿಳಿಯದು ಎಂಬ ಧೈರ್ಯ ನನಗೆ. ಆದರೆ ಪೈಪಿನಲ್ಲಿ ಗಾಳಿ ಉಳಿದರೆ ಅದು ಆಯಿಲ್ ತುಂಬಿಸಿದವನ ತಪ್ಪು ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಅಪ್ಪನಿಗೆ ಕೂಡಲೇ ಹೊಳೆಯಿತು.

‘ನೀ ಎಂತ ಕೆಲ್ಸ ಕಲ್ತದ್ದು ಮಾರಾಯ? ನನ್ನ ಹೆಂಡ್ತಿ ಕೈ ಮುರ್ಕಂಡು ಕೂತಾಳೆ. ಮಗಳು ಸತ್ತಿದ್ರೆ?’

ಗ್ಯಾರೇಜಿನವನು ಮತ್ತೊಮ್ಮೆ ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ‘ತಪ್ಪಾಯ್ತು ಕಾಕಾ’ ಎಂದ. ಅಪ್ಪ ಚೊಂಬನ್ನು ಕಲ್ಲಿನ ಮೇಲೆ ಕುಕ್ಕಿ ಮೇಲೆ ಹತ್ತಿ ಹೋದ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಕೂಗಿ ಕರೆದು ನಿಜ ಹೇಳಲಿಲ್ಲ. ಅಪ್ಪನ ಬೆನ್ನು ಅಷ್ಟು ಬಾಗಿದ್ದನ್ನು ನಾನು ಅಲ್ಲಿಯ ತನಕ ಗಮನಿಸಿರಲಿಲ್ಲ.

‘ಹೇಳ್ಬೇಕು ಅಕ್ಕಾ,’ ಎಂದ ಗ್ಯಾರೇಜಿನವನು, ಚಾ ಕುಡಿಯುತ್ತ. ‘ನನ್ನ ಹೆಸ್ರಿಗಲ್ಲ. ನಾಳೆ ಮತ್ತೆ ಮಳೆ ಬತ್ತದೆ, ಮತ್ತೆ ತುಕ್ಕು ಬತ್ತದೆ. ಅವ್ರು ಮತ್ತೆ ಹಚ್ತಾರೆ.’

ಅದೇ ಕುತ್ತಿಗೆಗೆ ಬಂದದ್ದು. ಹೇಳಿದರೆ, ಐವತ್ತು ವರ್ಷ ಕಬ್ಬಿಣ ಕಾದ ಕೈಯೇ ಹೆಂಡತಿಯ ಕೈ ಮುರಿಯಿತು ಎಂದು ಅವನಿಗೆ ತಿಳಿಯುತ್ತದೆ. ಹೇಳದಿದ್ದರೆ ಮುಂದಿನ ಸೋಮವಾರ ನಾವಿಬ್ಬರೂ ಹಳ್ಳದಲ್ಲಿರಬಹುದು. ಇದಕ್ಕೆ ಯಾವ ಗೇರು ಎಂದು ನಮ್ಮ ಕಚೇರಿಯ ಗಂಡಸರನ್ನು ಕೇಳಬೇಕಿತ್ತು.

ಹೊಸ ಪ್ಯಾಡು ಬಂದವು, ಡಿಸ್ಕನ್ನು ಅವನು ತಿನ್ನರಿನಲ್ಲಿ ತೊಳೆದುಕೊಟ್ಟ. ಜೀಪಿನ ಮೂತಿ ಸೊಟ್ಟಗಿದ್ದರೂ ಓಡತೊಡಗಿತು. ನಾನು ಮಾತ್ರ ಸರಿಯಾಗಲಿಲ್ಲ. ಶನಿವಾರ ಮನೆಗೆ ಹೋದರೆ ಜೀಪನ್ನು ಅಂಗಳಕ್ಕೆ ತರದೆ ಕೆಳಗಿನ ಮನೆಯವರ ಕೊಟ್ಟಿಗೆಯ ಪಕ್ಕ ನಿಲ್ಲಿಸಿ ನಡೆದು ಹತ್ತುತ್ತಿದ್ದೆ. ‘ಯಾಕೆ ತಂಗೀ, ಗಾಡಿ ಹತ್ತೂದಿಲ್ವೇ?’ ಎಂದು ಅಪ್ಪ ಕೇಳಿದರೆ ಕೆಸರಿನ ನೆಪ ಹೇಳುತ್ತಿದ್ದೆ. ನಾಲ್ಕು ಚಕ್ರದ ಜೀಪು ಕೊಂಡವಳಿಗೆ ಕೆಸರಿನ ನೆಪ! ಭಾನುವಾರ ಅವನು ಮನೆಯಿಂದ ಇಳಿದರೆ ನಾನೂ ಏನೋ ಕೆಲಸ ಹುಡುಕಿಕೊಂಡು ಹಿಂದೆ ಹೋಗುತ್ತಿದ್ದೆ. ಸೋಮವಾರ ಬೆಳಿಗ್ಗೆ ಆಚೀಚೆ ನೋಡಿ, ಚಕ್ರದ ಸಂದಿಯಲ್ಲಿ ಬೆರಳು ತೂರಿಸಿ ಮೂಸುತ್ತಿದ್ದೆ. ಹೆತ್ತ ಅಪ್ಪನನ್ನು ಕಳ್ಳನ ಹಾಗೆ ಕಾಯುವ ಪಾಡು ನನಗೆ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ಅಪ್ಪನ ಮೇಲೇ ತೀರಿಸುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು, ರೇಡಿಯೊ ಜೋರಾಯಿತು ಎಂದು.

ಸಾರು ಮಾಡುತ್ತಿದ್ದವನೂ ಅಪ್ಪನೇ. ಆಯಿಯ ಬಲಗೈ ಪ್ಲಾಸ್ಟರಿನಲ್ಲಿದ್ದಷ್ಟು ದಿನ ಅವನು ಅವಳಿಗೆ ಏನೂ ಮಾಡಗೊಡಲಿಲ್ಲ. ಮೀನು ಕೊಯ್ಯಲು ಕಲಿತ. ಅವಳ ತಲೆ ಬಾಚಿ ತುರುಬು ಕಟ್ಟಲು ಕಲಿತ. ತುರುಬು ದಿನಾ ಎಡಕ್ಕೆ ವಾಲುತ್ತಿತ್ತು, ಅವಳು ಹಾಗೇ ಇಟ್ಟುಕೊಳ್ಳುತ್ತಿದ್ದಳು. ಬುಟ್ಟಿ ಹೊತ್ತು ಬಸ್ಸಿನಲ್ಲಿ ಅಂಕೋಲೆಗೆ ಹೋಗಿ ಅವಳ ಜಾಗದಲ್ಲಿ ಕೂತು ಬಸಳೆ ಮಾರಿ ಬಂದ. ಅಲ್ಲಿಯ ಹೆಂಗಸರೆಲ್ಲ ಚೇಷ್ಟೆ ಮಾಡಿ ಅವನ ಕಿವಿ ಕೆಂಪಾಗಿಸಿ ಕಳಿಸಿದ್ದರಂತೆ. ಹೋದಲ್ಲೆಲ್ಲ ಅವನಿಗೆ ಒಂದೇ ಕಥೆ: ಶಿರವಾಡದ ಗ್ಯಾರೇಜಿನವನೊಬ್ಬ ಬ್ರೇಕು ಸರಿ ಮಾಡದೆ ನಮ್ಮನ್ನು ಕೊಲ್ಲಲಿಕ್ಕಿದ್ದ. ಕೆಳಗಿನ ಮನೆಯವರ ರಿಕ್ಷಾ ಅವನಲ್ಲಿಗೆ ಹೋಗುವುದು ನಿಂತಿತು. ಪಿಕಪ್ ಇಟ್ಟಿದ್ದ ಇನ್ನೊಬ್ಬರೂ ಬೇರೆ ಗ್ಯಾರೇಜು ಹಿಡಿದರು. ನಾನು ಶಿರವಾಡದಲ್ಲಿ ದಿನಾ ಅವನ ಗ್ಯಾರೇಜಿನ ಎದುರು ಹಾದುಹೋಗುವವಳು. ಅವನು ಎಂದಿನಂತೆ ಕೈ ಎತ್ತುತ್ತಿದ್ದ. ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಒಂದು ಶನಿವಾರ ಅಪ್ಪ ಗದ್ದೆಯಲ್ಲಿದ್ದಾಗ ನಾನು ಆಯಿಯ ಎದುರು ಕೂತು ಎಲ್ಲ ಹೇಳಿಬಿಟ್ಟೆ. ಅವಳು ಎಡಗೈಯಲ್ಲಿ ಅಬ್ಬಲಿಗೆ ದಂಡೆ ಕಟ್ಟಲು ಹೆಣಗುತ್ತಿದ್ದಳು. ತಲೆ ಎತ್ತಲಿಲ್ಲ.

‘ನಂಗೆ ಗೊತ್ತದೆ,’ ಎಂದಳು. ‘ಅರಿವೆ ಒಣಗಿದೆ, ಎಣ್ಣೆ ಕೊಡು ಹೇಳಿದ್ರು. ನಾನೇ ಬಾಟ್ಲಿಯಿಂದ ಬಗ್ಸಿ ಕೊಟ್ಟದ್ದು. ಎಂತಕ್ಕೆ ಕೇಳಿರೆ, ತಂಗಿ ಗಾಡಿ ಕಬ್ಬಿಣಕ್ಕೆ ಅಂದ್ರು. ಆ ದಿನ ಗಾಡಿ ನಿಲ್ಲದೆ ಹೋಗೂವಾಗ್ಲೇ ಅಂದಾಜಾಯ್ತು.’

‘ಮತ್ತೆ ನಂಗೆ ಹೇಳ್ಲಿಲ್ಲ?’

‘ನಿನ್ನ ಬಾಯಿ ನಂಗೆ ಗೊತ್ತಿಲ್ವೇ? ಹೋಗಿ ಅವ್ರ ಮುಖಕ್ಕೆ ನೀ ಹೇಳಿಬಿಡ್ತಿದ್ದೆ.’

ಅವಳು ಮಾಡಿದ್ದ ಉಪಾಯ ಕೇಳಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಣ್ಣೆಯರಿವೆಯನ್ನು ಕರಟದ ಸಮೇತ ಒಲೆಗೆ ಹಾಕಿದ್ದಳು. ಎಣ್ಣೆ ಬಾಟಲಿಯನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು, ಒಗ್ಗರಣೆಗೆ ಬೇಕಾದಾಗ ತಾನೇ ಚಮಚದಲ್ಲಿ ತೆಗೆದುಕೊಡುತ್ತಿದ್ದಳು. ಎಣ್ಣೆ ದುಬಾರಿಯಾಗಿದೆ, ಕಬ್ಬಿಣಕ್ಕೆಲ್ಲ ಸುರಿಯಲಾಗುವುದಿಲ್ಲ ಎಂದು ಜಗಳ ತೆಗೆದಿದ್ದಳಂತೆ. ಅಪ್ಪ ಎಣ್ಣೆಗಾಗಿ ಅಕ್ಕಪಕ್ಕದಲ್ಲಿ ಕೇಳತೊಡಗಿದ್ದ. ಹೆಚ್ಚು ದಿನ ನಡೆಯುವ ನಾಟಕವಲ್ಲ ಎಂದು ಅವಳಿಗೂ ಗೊತ್ತಿತ್ತು.

‘ಆಯಿ, ಆ ಗ್ಯಾರೇಜಿನವ ಎಂತ ಪಾಪ ಮಾಡಿದ್ದ?’ ಎಂದೆ.

ಅವಳು ಕಟ್ಟುತ್ತಿದ್ದ ದಂಡೆಯನ್ನು ಕೆಳಗಿಟ್ಟು, ‘ಹಂಗಾರೆ ಮೆತ್ತಗೆ ಹೇಳು’ ಎಂದಳು.

ಮರುದಿನ ನಾನು ಜೀಪನ್ನು ಅಂಗಳಕ್ಕೆ ಹತ್ತಿಸಿ ತಂದೆ. ಮುಂದಿನ ಚಕ್ರ ಬಿಚ್ಚಿ, ಪ್ಯಾಡು ತೆಗೆದು, ಅವು ಜಾರುವ ಪಿನ್ನುಗಳನ್ನು ಒರೆಸತೊಡಗಿದೆ. ಮಳೆಗಾಲದಲ್ಲಿ ಈ ಕೆಲಸ ಹೇಗೂ ಇದ್ದೇ ಇರುತ್ತದೆ: ಕೆಸರು ಹೊಕ್ಕರೆ ಪಿನ್ನು ಬಿಗಿದು ಒಂದೇ ಕಡೆಯ ಬಿಲ್ಲೆ ಸವೆಯುತ್ತದೆ. ಅಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಕಬ್ಬಿಣದ ಕೆಲಸ ಎಲ್ಲಿ ನಡೆದರೂ ಅವನಿಗೆ ತಡೆಯಲಾಗುವುದಿಲ್ಲ. ನಾನು ಒಂದೊಂದನ್ನೇ ತೋರಿಸಿದೆ. ಇದು ಪ್ಯಾಡು, ಇದು ಡಿಸ್ಕು, ಹೀಗೆ ಎರಡೂ ಕಡೆಯಿಂದ ಅದುಮುತ್ತದೆ. ಹಾವುಮೀನು ಹಿಡಿಯುವಾಗ ಕೈಗೆ ಬೂದಿ ಹಚ್ಚುತ್ತೀಯಲ್ಲ ಅಪ್ಪ, ಹಾಗೆ, ಒಣಗಿದ್ದರೆ ಮಾತ್ರ ಹಿಡಿತ.

ಅವನು ತಟ್ಟೆಯ ಮೇಲೆ ಬೆರಳಾಡಿಸಿ ತುಕ್ಕಿನ ಪುಡಿ ನೋಡಿದ. ‘ನೋಡು, ಮತ್ತೆ ಬಂದದೆ. ನಾ ಆಗ ಹಚ್ಚಿದ್ದೆ, ಆ ಗ್ಯಾರೇಜಿನವ ಒರ್ಸಿ ತೆಗ್ದ ಕಾಣ್ತದೆ. ತಡಿ, ಕೆಳಗಿನ ಮನೇಲಿ ಎಣ್ಣೆ ಕೇಳ್ಕಂಡು ಬತ್ತೆ.’ ಎದ್ದೇ ಬಿಟ್ಟ.

ನಾನು ಅವನ ಪಂಚೆ ಹಿಡಿದೆ. ‘ಇದಕ್ಕೆ ಎಣ್ಣೆ ತಾಗೂಕಾಗ ಅಪ್ಪ.’

‘ಬ್ರೇಕಿಗೂ ಆಯಿಲ್ ಬೇಕು ಹೇಳಿ ನೀನೇ ಅಂದದ್ದಲ್ವೇ?’

‘ಅದು ಪೈಪಿನ ಒಳಗಿನ ಆಯಿಲು. ಹೊರಗೆ ಒಂದು ಹನಿನೂ ತಾಗೂಕಾಗ.’

‘ತಾಗಿರೆ?’

‘ಹಿಡೂದಿಲ್ಲ.’

ಅವನು ಮತ್ತೆ ಕೂತ. ಡಿಸ್ಕನ್ನು ನೋಡಿದ, ಪ್ಯಾಡನ್ನು ಕೈಯಲ್ಲಿ ತೆಗೆದುಕೊಂಡು ನೋಡಿದ. ಮೆತ್ತಗೆ ಹೇಳು ಎಂದಿದ್ದಳು ಆಯಿ. ಇದಕ್ಕಿಂತ ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿರಲಿಲ್ಲ. ಅವನ ಮುಖದಲ್ಲಿ ಲೆಕ್ಕ ನಡೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಭಾನುವಾರ ಸಂಜೆ ಹಚ್ಚಿದ್ದು, ಸೋಮವಾರ ಬೆಳಿಗ್ಗೆ ಗಾಡಿ ಇಳಿದದ್ದು.

‘ಗಾಳಿ ಸೇರ್ಕಂಡಿತ್ತು ಅಂದ್ಯಲೆ?’

ನಾನು ಪಿನ್ನನ್ನು ಒರೆಸಿದ್ದನ್ನೇ ಒರೆಸಿದೆ.

ಅವನು ಪ್ಯಾಡನ್ನು ಬಹಳ ಹುಷಾರಾಗಿ, ಗಾಜಿನದೇನೋ ಎನ್ನುವಂತೆ ಗೋಣಿಯ ಮೇಲಿಟ್ಟ. ತನ್ನ ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ಆಮೇಲೆ ಎದ್ದು ಜಗಲಿಯಲ್ಲಿ ಕೂತಿದ್ದ ಆಯಿಯ ಹತ್ತಿರ ಹೋದ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

‘ನಿಂಗೂ ಗೊತ್ತಿತ್ತೇ?’

‘ಹ್ಞೂಂ.’

‘ಮತ್ತೆ ಒಂದು ಮಾತು ಹೇಳ್ಲಿಲ್ಲ.’

‘ನಂದು ಒಂದು ಕೈ ಮುರ್ದದ್ದು,’ ಎಂದಳು ಆಯಿ. ‘ಹೇಳಿರೆ ನಿಮ್ದು ಎರಡೂ ಮುರೀತಿತ್ತು.’

ಅಪ್ಪ ಅಳುವುದನ್ನು ನಾನು ನೋಡಲಾರದೆ ಜೀಪಿನ ಮರೆಗೆ ಹೋದೆ. ಚಕ್ರ ತೊಡಿಸಿ ನಟ್ಟು ಬಿಗಿದೆ. ನನ್ನ ಕಣ್ಣೂ ಮಂಜಾಗಿ ಒಂದು ನಟ್ಟು ಹುಲ್ಲಿನಲ್ಲಿ ಬಿದ್ದು ಹುಡುಕಬೇಕಾಯಿತು.

ಪ್ಲಾಸ್ಟರು ತೆಗೆಸಲು ಕಾರವಾರಕ್ಕೆ ಹೊರಟ ದಿನ ಅಪ್ಪ ತಾನೂ ಬರುತ್ತೇನೆಂದ. ವಾಪಸು ಬರುವಾಗ ಶಿರವಾಡದಲ್ಲಿ ನಿಲ್ಲಿಸು ಎಂದ. ಗ್ಯಾರೇಜಿನ ಒಳಗೆ ಹೋಗಿ, ತಂದಿದ್ದ ಬಾಳೆಗೊನೆಯನ್ನು ಬೆಂಚಿನ ಮೇಲಿಟ್ಟು, ‘ನಾ ಊರೆಲ್ಲ ಹೇಳಿದೆ ನಿನ್ನ ಮೇಲೆ. ಊರೆಲ್ಲ ಮತ್ತೆ ಹೇಳ್ತೆ’ ಎಂದ. ಗ್ಯಾರೇಜಿನವನು ಅವನನ್ನು ಸ್ಟೂಲಿನ ಮೇಲೆ ಕೂರಿಸಿದ.

‘ಕಾಕಾ, ಹೊಸ ಡಿಸ್ಕು ಪೆಟ್ಟಿಗೇಲಿ ಬರೂವಾಗ ಎಣ್ಣೆ ಹಚ್ಚೇ ಬತ್ತದೆ, ತುಕ್ಕು ಹಿಡೀಬಾರ್ದು ಹೇಳಿ. ಕಂಪನಿಯವ್ರೂ ನಿಮ್ಮ ಹಾಂಗೇ. ಗಾಡಿಗೆ ಹಾಕೂ ಮೊದ್ಲು ನಾವು ಒರೆಸ್ತೇವೆ, ಅಷ್ಟೇ.’

ಅಪ್ಪ ತಲೆಯಾಡಿಸಿದ. ಆ ಮಾತು ಅವನಿಗೆ ಸಮಾಧಾನ ಕೊಟ್ಟಿತೆಂದು ನನಗೆ ಅನ್ನಿಸಲಿಲ್ಲ. ಮಾತಿಗೆ ತಪ್ಪದೆ ಅವನು ರಿಕ್ಷಾದವರಿಗೂ ಪಿಕಪ್ಪಿನವರಿಗೂ ಅಂಕೋಲೆಯ ಪೇಟೆಯ ಹೆಂಗಸರಿಗೂ ತನ್ನ ತಪ್ಪನ್ನು ತಾನೇ ಹೇಳಿ ಬಂದ. ಕೆಲವರು ನಕ್ಕರು. ಅವನೂ ನಕ್ಕನಂತೆ.

ಆಯಿಯ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ತಕ್ಕಡಿಯನ್ನು ಈಗ ಎಡಗೈಯಲ್ಲಿ ಹಿಡಿಯುತ್ತಾಳೆ. ಸೋಮವಾರ ಮತ್ತೆ ನನ್ನ ಪಕ್ಕದಲ್ಲಿ ಕೂತು ಇಳಿಯುತ್ತಾಳೆ. ಮೊದಲ ದಿನ ನನಗೆ ಆ ತಿರುವು ಇಳಿಸುವಾಗ ಅಂಗೈ ಬೆವೆತು ಸ್ಟಿಯರಿಂಗು ಜಾರುತ್ತಿತ್ತು. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಅಪ್ಪ ಅಂಗಳದ ತುದಿಯಲ್ಲಿ ನಿಂತಿದ್ದ. ಬಲಗಾಲನ್ನು ಮುಂದಿಟ್ಟು, ಬ್ರೇಕಿನ ಪೆಡಲು ಒತ್ತುವವನ ಹಾಗೆ, ನೆಲಕ್ಕೆ ಒತ್ತಿ ಹಿಡಿದಿದ್ದ, ಮೈಯ ಭಾರವೆಲ್ಲ ಆ ಕಾಲಿನ ಮೇಲೆ. ಜೀವಮಾನದಲ್ಲಿ ಸೈಕಲ್ಲನ್ನೂ ಓಡಿಸಿದವನಲ್ಲ.

ತಿರುವಿನಲ್ಲಿ ಅವನು ಮರೆಯಾದ. ನಾನು ಏನೋ ಅನ್ನುವ ಮೊದಲೇ ಆಯಿ ಹೇಳಿದಳು, ಮುಂದೆ ನೋಡುತ್ತಲೇ: ‘ಗಾಡಿ ಸದ್ದು ಕೆಳಗೆ ಮುಟ್ತು ಹೇಳಿ ಖಾತ್ರಿ ಆಗೂವರೆಗೂ ಕಾಲು ತೆಗೂದಿಲ್ಲ ಇವ್ರು. ಯಾರ ಗಾಡಿ ಇಳಿದ್ರೂ ಹಂಗೇ ಮಾಡ್ತರು. ಆಮೇಲೆ ದಿನಾ ಮೊಣಕಾಲು ನೋವು ಹೇಳ್ತರು.’

ಈಗ ನಾನು ಡಾಂಬರು ರಸ್ತೆ ಮುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ, ಮೇಲೆ ಕೇಳುವ ಹಾಗೆ ಉದ್ದಕ್ಕೆ ಒಂದು ಹಾರ್ನು ಹೊಡೆಯುತ್ತೇನೆ.